ಕಟ್ಟಿದ ತೆರಿಗೆಯನ್ನೇ ಮತ್ತೆ ಕಟ್ಟಿ ಅಂದರೆ?

ಅವತ್ತು 2023ರ ಅಕ್ಟೋಬರ್ 5. ಬೆಳಗ್ಗೆ ದೋಸೆ ಹಂಚು ಇಟ್ಟಿದ್ದೆ, ಮೊಬೈಲ್ ಟಿಂಗ್ ಅಂತು. ಬ್ಯಾಂಕಿನ ಮೆಸೇಜು. ಮನೆ ಸಾಲದ ಕಂತು ಹೋಗಿಲ್ಲ, ಖಾತೆಯಲ್ಲಿ ಸಾಕಷ್ಟು ಹಣ ಇಲ್ಲ ಅಂತ. ನಾಲ್ಕು ವರ್ಷದಲ್ಲಿ ಒಂದು ಸಲವೂ ತಪ್ಪದ ಕಂತು. ಲಾಕ್‌ಡೌನ್ ಕಾಲದಲ್ಲೂ ಹೇಗೋ ಹೊಂದಿಸಿ ಕಟ್ಟಿದ್ದೆವು.

"ರೀ, ಕಂತು ಹೋಗಿಲ್ಲವಂತೆ. ಸಂಬಳ ಬಂದಿಲ್ವಾ?" ಅಂದೆ.

ನಮ್ಮೆಜಮಾನ್ರು ಪೇಪರ್ ಮಡಿಸಿಟ್ಟರು. ಮುಖ ನೋಡಿದರೆ ಗೊತ್ತಾಯಿತು, ಏನೋ ಇದೆ. "ಬಂದಿದೆ. ಮೂವತ್ತು ಸಾವಿರ ಹಿಡಿದಿದ್ದಾರೆ. ಇನ್‌ಕಂ ಟ್ಯಾಕ್ಸ್‌ನವರಿಂದ ಕಂಪನಿಗೆ ನೋಟಿಸ್ ಬಂದಿದೆ. ನಾನು ತೆರಿಗೆ ಬಾಕಿ ಉಳಿಸಿಕೊಂಡಿದ್ದೀನಂತೆ."

ವಿಷಯ ಅವರಿಗೆ ಒಂದು ವಾರದ ಹಿಂದೆಯೇ ಗೊತ್ತಿತ್ತು. "ನಿನಗ್ಯಾಕೆ ಹೇಳಿ ಟೆನ್ಷನ್ ಕೊಡೋದು ಅಂತ ಸುಮ್ಮನಿದ್ದೆ" ಅಂದರು. ಉಳಿದ ಹಣದಲ್ಲಿ ಮಗಳ ಪಿಯು ಕಾಲೇಜಿನ ಎರಡನೇ ಕಂತಿನ ಫೀಸು ಕಟ್ಟಿದ್ದರು. ಮನೆ ಕಂತಿಗೆ ದುಡ್ಡು ಉಳಿದಿರಲಿಲ್ಲ.

ನನಗೆ ಸಿಟ್ಟು ಬಂದದ್ದು ದುಡ್ಡು ಹೋಯಿತಲ್ಲ ಅಂತ ಅಲ್ಲ. ಇಪ್ಪತ್ತು ವರ್ಷ ನಿಯತ್ತಿನಿಂದ ದುಡಿದ ಮನುಷ್ಯ, ತೆರಿಗೆ ಕದ್ದವರ ಹಾಗೆ ತಲೆ ತಗ್ಗಿಸಿ ಕೂತಿದ್ದರಲ್ಲ, ಅದಕ್ಕೆ. ಅಕೌಂಟ್ಸ್ ವಿಭಾಗದಲ್ಲಿ ಯಾರೋ ನಗಾಡುತ್ತಾ, "ಏನ್ ಸಾರ್, ದೊಡ್ಡ ಕುಳ ನೀವು, ಹೇಳಲೇ ಇಲ್ಲ" ಅಂದಿದ್ದರಂತೆ. ಆ ಮಾತು ಅವರಿಗೆ ನಾಟಿತ್ತು.

ಆಮೇಲಿನ ಆರು ತಿಂಗಳಲ್ಲಿ ನಾವು ಕಲಿತದ್ದು ಬಹಳ. ನಮ್ಮ ಹಾಗೆ ಯಾರಾದರೂ ಒದ್ದಾಡುತ್ತಿದ್ದರೆ ಅವರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ.

ತಪ್ಪು ಎಲ್ಲಿತ್ತು?

ನೋಟಿಸಿನ ಜೆರಾಕ್ಸ್ ತರಿಸಿ ನೋಡಿದೆವು. 2018-19ನೇ ಹಣಕಾಸು ವರ್ಷದ ತೆರಿಗೆ ಬಾಕಿ, ಬಡ್ಡಿ ಸೇರಿ ಸುಮಾರು 48 ಸಾವಿರ ರೂಪಾಯಿ. ಆ ವರ್ಷ ಇವರು ಇದ್ದದ್ದು ಬೇರೆ ಕಂಪನಿಯಲ್ಲಿ. ನಲವತ್ತು ಜನ ಕೆಲಸಗಾರರಿದ್ದ ಸಣ್ಣ ಕಾರ್ಖಾನೆ. ತಿಂಗಳು ತಿಂಗಳೂ ಸಂಬಳದಲ್ಲಿ ಟಿಡಿಎಸ್ ಅಂತ ಹಿಡಿಯುತ್ತಿದ್ದರು. ವರ್ಷಕ್ಕೆ 31,720 ರೂಪಾಯಿ. ಪೇ ಸ್ಲಿಪ್‌ನಲ್ಲಿ ಅದು ಸ್ಪಷ್ಟವಾಗಿ ಇರುತ್ತಿತ್ತು. ಆದರೆ ಹಿಡಿದ ದುಡ್ಡನ್ನು ಆ ಮಾಲೀಕರು ಸರ್ಕಾರಕ್ಕೆ ಕಟ್ಟಿರಲೇ ಇಲ್ಲ!

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುತ್ತಾರಲ್ಲ, ಹಾಗಾಯಿತು ನಮ್ಮ ಕಥೆ.

ಇದು ನಡೆಯುವ ರೀತಿ ಹೀಗೆ. ನಾವು ರಿಟರ್ನ್ ಸಲ್ಲಿಸುವಾಗ "ನನ್ನಿಂದ ಇಷ್ಟು ಟಿಡಿಎಸ್ ಹಿಡಿದಿದ್ದಾರೆ" ಅಂತ ತೋರಿಸುತ್ತೇವೆ. ಬೆಂಗಳೂರಿನಲ್ಲಿರುವ ಆದಾಯ ತೆರಿಗೆ ಇಲಾಖೆಯ ಕೇಂದ್ರೀಕೃತ ಸಂಸ್ಕರಣಾ ಕೇಂದ್ರದ ಕಂಪ್ಯೂಟರು ಅದನ್ನು ನಮ್ಮ ಪ್ಯಾನ್ ಲೆಕ್ಕದ ಜೊತೆ, ಅಂದರೆ ಫಾರ್ಮ್ 26ಎಎಸ್ ಜೊತೆ ತಾಳೆ ನೋಡುತ್ತೆ. ಅಲ್ಲಿ ಹಣ ಬಂದಿಲ್ಲದಿದ್ದರೆ ನಾವೇ ಕಟ್ಟಿಲ್ಲ ಅಂತ ಲೆಕ್ಕ ಹಾಕಿ ಸೆಕ್ಷನ್ 143(1)ರ ಸೂಚನೆ ಕಳಿಸುತ್ತೆ. ಮೂವತ್ತು ದಿನದಲ್ಲಿ ಹಣ ಕಟ್ಟದಿದ್ದರೆ ತಿಂಗಳಿಗೆ ಶೇ 1ರಂತೆ ಬಡ್ಡಿ ಓಡಲು ಶುರು.

ನಮಗೆ ಆ ಸೂಚನೆ ಬಂದದ್ದು 2020ರ ಫೆಬ್ರುವರಿಯಲ್ಲಿ. ಬಂದದ್ದು ನಮಗಲ್ಲ, ರಿಟರ್ನ್ ತುಂಬಿಕೊಟ್ಟ ಸೈಬರ್ ಸೆಂಟರಿನವರ ಇ-ಮೇಲ್‌ಗೆ! ನೋಂದಣಿ ಮಾಡುವಾಗ ಅವರು ತಮ್ಮದೇ ಇ-ಮೇಲು, ತಮ್ಮದೇ ಮೊಬೈಲ್ ನಂಬರು ಕೊಟ್ಟಿದ್ದರು. ಮುಂದಿನ ತಿಂಗಳೇ ಲಾಕ್‌ಡೌನ್. ಆ ಸೈಬರ್ ಸೆಂಟರೂ ಮುಚ್ಚಿತು, ಆ ಕಾರ್ಖಾನೆಯೂ ಮುಚ್ಚಿತು.

ಮಧ್ಯೆ ಒಂದು ಸುಳಿವು ಸಿಕ್ಕಿತ್ತು. ಒಂದು ವರ್ಷ ನಮಗೆ 4,100 ರೂಪಾಯಿ ರೀಫಂಡ್ ಬರಬೇಕಿತ್ತು, ಬರಲಿಲ್ಲ. "ಸರ್ಕಾರದ ದುಡ್ಡು, ಬಂದಾಗ ಬರುತ್ತೆ" ಅಂತ ಸುಮ್ಮನಾದೆವು. ಅದನ್ನು ಸೆಕ್ಷನ್ 245ರ ಪ್ರಕಾರ ಹಳೆಯ ಬಾಕಿಗೆ ಹೊಂದಿಸಿಕೊಂಡಿದ್ದರು ಅಂತ ಗೊತ್ತಾದದ್ದು ಈಗ. ಅವತ್ತೇ ವಿಚಾರಿಸಿದ್ದರೆ ಇಷ್ಟು ದೂರ ಬರುತ್ತಿರಲಿಲ್ಲ.

ಸಂಬಳಕ್ಕೆ ಕೈ ಹಾಕುವ ಅಧಿಕಾರ ಇದೆಯಾ?

ಇದೆ. ಆದಾಯ ತೆರಿಗೆ ಕಾಯ್ದೆ 1961ರ ಸೆಕ್ಷನ್ 226(2) ಪ್ರಕಾರ, ಬಾಕಿ ಉಳಿಸಿಕೊಂಡವರ ಸಂಬಳದಿಂದ ಹಣ ಹಿಡಿದು ಸರ್ಕಾರಕ್ಕೆ ಕಟ್ಟಿ ಅಂತ ಉದ್ಯೋಗದಾತರಿಗೆ ಅಧಿಕಾರಿ ಹೇಳಬಹುದು. ಕಂಪನಿ ಪಾಲಿಸಲೇಬೇಕು. ಅದೇ ಸೆಕ್ಷನ್ನಿನ ಮೂರನೇ ಉಪವಿಧಿಯಲ್ಲಿ ಬ್ಯಾಂಕ್ ಖಾತೆಯಲ್ಲಿರುವ ಹಣಕ್ಕೂ ಹೀಗೇ ನೋಟಿಸ್ ಕೊಡಬಹುದು.

ಆದರೆ ಸಂಬಳ ಹಿಡಿಯುವುದಕ್ಕೆ ಒಂದು ಮಿತಿ ಇದೆ. ಇದು ನಮ್ಮ ಕಂಪನಿಯ ಅಕೌಂಟ್ಸ್‌ನವರಿಗೂ ಗೊತ್ತಿರಲಿಲ್ಲ. ಸಿವಿಲ್ ಪ್ರಕ್ರಿಯಾ ಸಂಹಿತೆ 1908ರ ಸೆಕ್ಷನ್ 60ರಲ್ಲಿ ಜಪ್ತಿಯಿಂದ ಸಂಬಳಕ್ಕೆ ಕೊಟ್ಟಿರುವ ರಕ್ಷಣೆ ಇಲ್ಲಿಗೂ ಅನ್ವಯ. ಅದರಂತೆ ಸಂಬಳದ ಮೊದಲ 1,000 ರೂಪಾಯಿ, ಮತ್ತು ಉಳಿದದ್ದರಲ್ಲಿ ಮೂರನೇ ಎರಡು ಭಾಗ ಮುಟ್ಟುವ ಹಾಗಿಲ್ಲ. ಇವರ ಸಂಬಳ 61,000. ಒಂದು ಸಾವಿರ ಬಿಟ್ಟರೆ 60,000. ಅದರಲ್ಲಿ 40,000 ಮುಟ್ಟಬಾರದು. ಅಂದರೆ ತಿಂಗಳಿಗೆ ಹೆಚ್ಚೆಂದರೆ 20,000 ಹಿಡಿಯಬಹುದಿತ್ತು. ಇವರು ಗಾಬರಿಯಲ್ಲಿ 30,000 ಹಿಡಿದಿದ್ದರು.

ಇದನ್ನೆಲ್ಲ ಹೇಳಿಕೊಟ್ಟದ್ದು ನಮ್ಮ ಭಾವನವರ ಪರಿಚಯದ ಒಬ್ಬ ಆಡಿಟರ್. ವಯಸ್ಸಾದವರು, ಬಿ.ಎಚ್. ರಸ್ತೆಯ ಹಿಂದೊಂದು ಸಣ್ಣ ಕೋಣೆಯಲ್ಲಿ ಕಚೇರಿ. ಎಲ್ಲ ಕೇಳಿಸಿಕೊಂಡು ಕನ್ನಡಕ ಒರೆಸುತ್ತಾ, "ಅಮ್ಮಾ, ಅಳೋದು ಆಮೇಲೆ. ಮೊದಲು ಪೇ ಸ್ಲಿಪ್ ಎಲ್ಲಿದೆ ಹುಡುಕಿ" ಅಂದರು.

ಕಾಗದವೇ ಕಾಪಾಡಿತು

ಅಲ್ಲಿಂದ ಶುರುವಾಯಿತು ಹುಡುಕಾಟ. ಅಟ್ಟ, ಬೀರು, ಹಾಸಿಗೆ ಕೆಳಗೆ, ಅತ್ತೆಯವರ ಟ್ರಂಕು. ಫಾರ್ಮ್ 16 ಸಿಕ್ಕಿತು. ಆದರೆ ಆಡಿಟರ್ ಅದನ್ನು ನೋಡಿ ತಲೆ ಅಲ್ಲಾಡಿಸಿದರು. ಫಾರ್ಮ್ 16ರ ಮೊದಲ ಭಾಗ ಇಲಾಖೆಯ 'ಟ್ರೇಸಸ್' ಜಾಲತಾಣದಿಂದಲೇ ಇಳಿಸಿದ್ದಾಗಿರಬೇಕು. ನಮ್ಮದು ಕಂಪನಿಯವರೇ ಟೈಪ್ ಮಾಡಿ ಸೀಲು ಹಾಕಿಕೊಟ್ಟದ್ದು. "ಅವತ್ತು ಇದನ್ನ ನೋಡಿದ್ದರೆ ಅವತ್ತೇ ಅನುಮಾನ ಬರಬೇಕಿತ್ತು" ಅಂದರು.

ಪೇ ಸ್ಲಿಪ್ ಎಲ್ಲೂ ಇಲ್ಲ. ಕೊನೆಗೆ ನೆನಪಾಯಿತು, 2019ರಲ್ಲಿ ಮನೆ ಸಾಲಕ್ಕೆ ಅರ್ಜಿ ಹಾಕುವಾಗ ವರ್ಷದ ಪೇ ಸ್ಲಿಪ್ಪುಗಳನ್ನೆಲ್ಲ ಬ್ಯಾಂಕಿಗೆ ಕೊಟ್ಟಿದ್ದೆವು! ಬ್ಯಾಂಕಿಗೆ ಹೋಗಿ ಕಾಡಿ ಬೇಡಿ ಸಾಲದ ಫೈಲಿನಿಂದ ನಕಲು ತೆಗೆಸಿಕೊಂಡೆ. ಯಾವ ಸಾಲದ ಕಂತು ತಪ್ಪಿತೋ ಅದರ ಫೈಲೇ ನಮ್ಮನ್ನು ಉಳಿಸಿತು.

ಜೊತೆಗೆ ಆ ವರ್ಷದ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿದೆವು. ಪೇ ಸ್ಲಿಪ್‌ನಲ್ಲಿ ಟಿಡಿಎಸ್ ಕಳೆದು ಕೈಗೆ ಬರಬೇಕಾದ ಮೊತ್ತ ಎಷ್ಟಿತ್ತೋ, ಖಾತೆಗೆ ಬಂದದ್ದೂ ಅಷ್ಟೇ. ತಿಂಗಳಿಗೆ ತಿಂಗಳು ತಾಳೆ. ತೆರಿಗೆ ಹಿಡಿದದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ?

ಇವರ ಹಳೆಯ ಸಹೋದ್ಯೋಗಿಗಳದ್ದು ಒಂದು ವಾಟ್ಸ್ಆ್ಯಪ್ ಗ್ರೂಪ್ ಇತ್ತು. ಹಬ್ಬದ ಶುಭಾಶಯ ಬಿಟ್ಟರೆ ಅಲ್ಲಿ ಏನೂ ಬರುತ್ತಿರಲಿಲ್ಲ. ಇವರು ಸಂಕೋಚದಿಂದಲೇ ವಿಷಯ ಬರೆದರು. ಅರ್ಧ ಗಂಟೆಯಲ್ಲಿ ನಾಲ್ಕು ಜನ, "ಸಾರ್, ನನಗೂ ಬಾಕಿ ಅಂತ ತೋರಿಸ್ತಾ ಇದೆ" ಅಂದರು. ಒಬ್ಬರಂತೂ ಹೆದರಿ ಸಾಲ ಮಾಡಿ ಕಟ್ಟಿಬಿಟ್ಟಿದ್ದರು! ಅವತ್ತು ರಾತ್ರಿ ಇವರು ಎಷ್ಟೋ ದಿನದ ಮೇಲೆ ಸರಿಯಾಗಿ ಊಟ ಮಾಡಿದರು.

ಕಾನೂನು ಯಾರ ಕಡೆ?

ಆಡಿಟರ್ ನಮಗೆ ಬರೆಸಿಕೊಟ್ಟ ಅರ್ಜಿಯಲ್ಲಿ ಮುಖ್ಯವಾಗಿ ಮೂರು ಅಂಶ ಇತ್ತು. ಇವನ್ನು ಬೇಕಾದರೆ ಬರೆದಿಟ್ಟುಕೊಳ್ಳಿ.

ಒಂದು, ಸೆಕ್ಷನ್ 205. ಒಬ್ಬರ ಆದಾಯದಿಂದ ಮೂಲದಲ್ಲೇ ತೆರಿಗೆ ಹಿಡಿದಿದ್ದರೆ, ಹಿಡಿದಷ್ಟರ ಮಟ್ಟಿಗೆ ಅದನ್ನು ನೀವೇ ಕಟ್ಟಿ ಅಂತ ಅವರನ್ನು ಕೇಳುವ ಹಾಗಿಲ್ಲ.

ಎರಡು, ಕೇಂದ್ರೀಯ ನೇರ ತೆರಿಗೆಗಳ ಮಂಡಳಿಯೇ 2015ರ ಜೂನ್ 1ರ ಪತ್ರದಲ್ಲಿ ಮತ್ತು 2016ರ ಮಾರ್ಚ್ 11ರ ಜ್ಞಾಪನದಲ್ಲಿ ಅಧಿಕಾರಿಗಳಿಗೆ ಹೇಳಿದೆ: ತೆರಿಗೆ ಹಿಡಿದವರು ಸರ್ಕಾರಕ್ಕೆ ಕಟ್ಟದೆ ಉಂಟಾದ ಬಾಕಿಯನ್ನು ನೌಕರರಂಥವರಿಂದ ಬಲವಂತವಾಗಿ ವಸೂಲಿ ಮಾಡಬಾರದು.

ಮೂರು, ನ್ಯಾಯಾಲಯದ ತೀರ್ಪುಗಳು. ನಮ್ಮ ಕರ್ನಾಟಕ ಹೈಕೋರ್ಟು ಸುಮಾರು ಎರಡು ದಶಕಗಳ ಹಿಂದೆಯೇ ಬಾಡಿಗೆಯ ಟಿಡಿಎಸ್ ಪ್ರಕರಣವೊಂದರಲ್ಲಿ ಈ ಮಾತು ಹೇಳಿದೆ. 2007ರಲ್ಲಿ ಬಾಂಬೆ ಹೈಕೋರ್ಟು ಸಂಬಳದ ವಿಷಯದಲ್ಲೇ, ಮಾಲೀಕರು ಹಿಡಿದು ಕಟ್ಟದಿದ್ದರೆ ಇಲಾಖೆ ಮಾಲೀಕರನ್ನು ಹಿಡಿಯಬೇಕೇ ಹೊರತು ನೌಕರರನ್ನಲ್ಲ ಅಂತ ತೀರ್ಪು ಕೊಟ್ಟಿದೆ.

ಅಷ್ಟೇ ಅಲ್ಲ, ಹಿಡಿದ ಟಿಡಿಎಸ್ ಸರ್ಕಾರಕ್ಕೆ ಕಟ್ಟದೇ ಇರುವುದು ಸೆಕ್ಷನ್ 276ಬಿ ಪ್ರಕಾರ ಮೂರು ತಿಂಗಳಿಂದ ಏಳು ವರ್ಷದವರೆಗೆ ಜೈಲು ಶಿಕ್ಷೆ ಆಗಬಹುದಾದ ಅಪರಾಧ.

ಕಚೇರಿಯ ಮೆಟ್ಟಿಲು

ಮೊದಲು ಮಾಡಿದ ಕೆಲಸ, ಇ-ಫೈಲಿಂಗ್ ಪೋರ್ಟಲ್ಲಿನ ಪಾಸ್‌ವರ್ಡ್ ಆಧಾರ್ ಒಟಿಪಿ ಮೂಲಕ ಬದಲಿಸಿ, ಇ-ಮೇಲು, ಮೊಬೈಲ್ ನಂಬರು ನಮ್ಮದು ಹಾಕಿದ್ದು. ಆಮೇಲೆ 'ಪೆಂಡಿಂಗ್ ಆ್ಯಕ್ಷನ್ಸ್' ಅನ್ನುವಲ್ಲಿ 'ರೆಸ್ಪಾನ್ಸ್ ಟು ಔಟ್‌ಸ್ಟ್ಯಾಂಡಿಂಗ್ ಡಿಮ್ಯಾಂಡ್' ತೆರೆದು, ಈ ಬಾಕಿಯನ್ನು ಒಪ್ಪುವುದಿಲ್ಲ ಅಂತ ಕಾರಣ ಸಹಿತ ಉತ್ತರ ಹಾಕಿದೆವು. ಪೋರ್ಟಲ್ಲಿನಲ್ಲೇ ದೂರು ಕೊಡುವ ವಿಭಾಗದಲ್ಲೂ ಒಂದು ದೂರು. ಆಮೇಲೆ ಅಕ್ಟೋಬರ್ 9ರಂದು ಕಾಗದ ಎಲ್ಲ ಜೋಡಿಸಿಕೊಂಡು ನಮ್ಮ ಊರಿನ ಆದಾಯ ತೆರಿಗೆ ಕಚೇರಿಗೆ ಹೋದೆವು.

ಇವರು ಒಳಗೆ ಹೋಗುವ ಮುಂಚೆ ಬೆವರುತ್ತಿದ್ದರು. "ನಾವು ಕಳ್ಳತನ ಮಾಡಿಲ್ಲ ರೀ, ನಡೀರಿ" ಅಂದೆ.

ಅಧಿಕಾರಿ ಕೆಟ್ಟವರಲ್ಲ. ಕಂಪ್ಯೂಟರ್ ನೋಡಿ, "26ಎಎಸ್‌ನಲ್ಲಿ ಒಂದು ರೂಪಾಯಿನೂ ಇಲ್ಲವಲ್ಲ, ನಾನೇನು ಮಾಡಲಿ?" ಅಂದರು. ಇವರು ಪೇ ಸ್ಲಿಪ್ಪು, ಬ್ಯಾಂಕ್ ಸ್ಟೇಟ್‌ಮೆಂಟು ಎರಡನ್ನೂ ಪಕ್ಕಪಕ್ಕ ಇಟ್ಟು ತಿಂಗಳು ತಿಂಗಳು ತೋರಿಸಿದರು. ಮಂಡಳಿಯ ಪತ್ರದ ಪ್ರತಿ ಇಟ್ಟರು. ಅಧಿಕಾರಿ ಎರಡು ಸಲ ಓದಿದರು. ಆಮೇಲೆ ದಿನಾಂಕ ಲೆಕ್ಕ ಹಾಕಿ ಹೇಳಿದ ಮಾತು ಕೇಳಿ ನನಗೆ ಮೈ ನಡುಗಿತು.

"ಸೆಕ್ಷನ್ 154ರಲ್ಲಿ ತಿದ್ದುಪಡಿ ಅರ್ಜಿ ಹಾಕಿ. ಆದೇಶ ಆದ ಹಣಕಾಸು ವರ್ಷ ಮುಗಿದು ನಾಲ್ಕು ವರ್ಷದೊಳಗೆ ಆಗಬೇಕು. ನಿಮಗೆ 2024ರ ಮಾರ್ಚ್ 31ಕ್ಕೆ ಮುಗಿಯುತ್ತೆ. ಇನ್ನು ಆರು ತಿಂಗಳು ತಡ ಮಾಡಿದ್ದಿದ್ದರೆ ನಾನೂ ಏನೂ ಮಾಡೋಕಾಗ್ತಿರಲಿಲ್ಲ."

ಅವತ್ತೇ ಅರ್ಜಿ ಕೊಟ್ಟೆವು. ನಮ್ಮ ಪ್ರತಿಯ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡೆವು. ಮುಂದೆ ಆ ಹಣ ಬೇರೆ ಕಡೆ ಲೆಕ್ಕಕ್ಕೆ ಬಂದರೆ ನಾವೇ ಹೊಣೆ ಅಂತ ಒಂದು ಬಾಂಡ್ ಪೇಪರ್ ಕೇಳಿದರು, ಅದನ್ನೂ ಮಾಡಿಸಿಕೊಟ್ಟೆವು.

ಇತ್ತ ಕಂಪನಿಯವರು ಕಡಿತ ನಿಲ್ಲಿಸಲು ಒಪ್ಪಲಿಲ್ಲ. "ಇಲಾಖೆ ಬರೆದು ಕೊಟ್ಟರೆ ಈಗಲೇ ನಿಲ್ಲಿಸ್ತೀವಿ" ಅಂದರು. ಅವರ ಮೇಲೂ ಸಿಟ್ಟು ಮಾಡಿಕೊಳ್ಳುವ ಹಾಗಿರಲಿಲ್ಲ. ನೋಟಿಸ್ ಪಾಲಿಸದಿದ್ದರೆ ಉತ್ತರ ಹೇಳಬೇಕಾದವರು ಅವರೇ. ಮೂರನೇ ಒಂದು ಭಾಗದ ಲೆಕ್ಕ ಬರೆದು ಕೊಟ್ಟ ಮೇಲೆ ಇನ್ನು ಮುಂದೆ 20,000ಕ್ಕಿಂತ ಹೆಚ್ಚು ಹಿಡಿಯುವುದಿಲ್ಲ ಅಂದರು.

ಆ ದಸರಾ ಹೇಗೆ ಕಳೆದೆವೋ ದೇವರಿಗೇ ಗೊತ್ತು. ನನ್ನ ಎರಡು ಬಳೆ ಸೊಸೈಟಿಯಲ್ಲಿ ಅಡವಿಟ್ಟು ತಪ್ಪಿದ ಕಂತು ಕಟ್ಟಿದೆವು, ಮೇಲೆ ಬ್ಯಾಂಕಿನ ದಂಡ ಬೇರೆ. ಆಯುಧ ಪೂಜೆಗೆ ಇವರ ಸ್ಕೂಟರ್‌ಗೆ ಒಂದು ಮೊಳ ಸೇವಂತಿಗೆ, ಒಂದು ನಿಂಬೆಹಣ್ಣು, ಅಷ್ಟೇ. ಅತ್ತೆಗೆ ಕಣ್ಣಿನ ಪೊರೆಯ ಆಪರೇಷನ್ ಮುಂದೂಡಿದೆವು. ಅವರೇ, "ನನಗೇನು ಅವಸರ ಇಲ್ಲ ಬಿಡಮ್ಮ, ಟೀವಿ ಕೇಳಿಸಿದರೆ ಸಾಕು" ಅಂದರು.

ಅಕ್ಟೋಬರ್ 26ರಂದು ಕಂಪನಿಗೆ ಇಲಾಖೆಯ ಪತ್ರ ಬಂತು. ಮುಂದಿನ ಆದೇಶದವರೆಗೆ ಕಡಿತ ಬೇಡ ಅಂತ. ಆ ತಿಂಗಳ ಸಂಬಳ ಪೂರ್ತಿ ಬಂತು. ಫೆಬ್ರುವರಿಯಲ್ಲಿ ತಿದ್ದುಪಡಿ ಆದೇಶ ಆಯಿತು. ಏಪ್ರಿಲ್‌ನಲ್ಲಿ ಹಿಡಿದ 30,000, ಹೊಂದಿಸಿಕೊಂಡಿದ್ದ 4,100, ಮೇಲೆ ಸ್ವಲ್ಪ ಬಡ್ಡಿ ಸೇರಿ ಖಾತೆಗೆ ವಾಪಸ್ ಬಂತು.

ಎಲ್ಲರಿಗೂ ಹೀಗೇ ಆಗುತ್ತೆ ಅಂತ ನಾನು ಹೇಳಲಾರೆ. ಇವರ ಸಹೋದ್ಯೋಗಿಯೊಬ್ಬರಿಗೆ ವಸೂಲಿ ನಿಂತಿದೆ, ಆದರೆ ಪೋರ್ಟಲ್ಲಿನಲ್ಲಿ ಬಾಕಿ ಇನ್ನೂ ತೋರಿಸುತ್ತಲೇ ಇದೆ. ಬಲವಂತದ ವಸೂಲಿ ಬೇಡ ಅಂತ ಮಂಡಳಿ ಹೇಳಿದ್ದರೂ 26ಎಎಸ್‌ನಲ್ಲಿ ಇಲ್ಲದ ಹಣವನ್ನು ಲೆಕ್ಕಕ್ಕೆ ತೆಗೆದುಕೊಳ್ಳಲು ಹಲವು ಕಡೆ ಒಪ್ಪುವುದಿಲ್ಲ. ಅಂಥವರು ಮೇಲ್ಮನವಿಗೆ, ಕೊನೆಗೆ ಹೈಕೋರ್ಟಿಗೂ ಹೋಗಬೇಕಾಗುತ್ತೆ.

ನೀವು ಮಾಡಬೇಕಾದ್ದು

* ಪೋರ್ಟಲ್ಲಿನಲ್ಲಿ ಇರುವ ಮೊಬೈಲು, ಇ-ಮೇಲು ನಿಮ್ಮದೇನಾ ಅಂತ ಇವತ್ತೇ ನೋಡಿ. ರಿಟರ್ನ್ ಯಾರೇ ತುಂಬಲಿ, ಪಾಸ್‌ವರ್ಡ್ ನಿಮ್ಮ ಹತ್ತಿರ ಇರಲಿ.

* ಮೂರು ತಿಂಗಳಿಗೊಮ್ಮೆ 26ಎಎಸ್ ನೋಡಿ. ಉದ್ಯೋಗದಾತರು ಟಿಡಿಎಸ್ ವಿವರ ಸಲ್ಲಿಸಲು ಜುಲೈ 31, ಅಕ್ಟೋಬರ್ 31, ಜನವರಿ 31, ಮೇ 31 ಕೊನೆಯ ದಿನ. ಅದಾದ ಎರಡು ವಾರಕ್ಕೆ ನೋಡಿದರೆ ಕಟ್ಟಿದ್ದಾರೋ ಇಲ್ಲವೋ ಗೊತ್ತಾಗುತ್ತೆ.

* ಎಲ್ಲ ತಪ್ಪೂ ಮಾಲೀಕರ ಮೋಸವೇ ಆಗಿರಬೇಕಿಲ್ಲ. ಪ್ಯಾನ್‌ನಲ್ಲಿ ಒಂದು ಅಕ್ಷರ ತಪ್ಪಿದರೂ, ಚಲನ್‌ನಲ್ಲಿ ವರ್ಷ ತಪ್ಪಿದರೂ ಹೀಗಾಗುತ್ತೆ. ಕಂಪನಿ ಇದ್ದರೆ ಅವರಿಂದಲೇ ಟಿಡಿಎಸ್ ವಿವರ ತಿದ್ದಿಸಿ. ಅದೇ ಸುಲಭದ ದಾರಿ.

* ಪೇ ಸ್ಲಿಪ್, ಫಾರ್ಮ್ 16, ಬ್ಯಾಂಕ್ ಸ್ಟೇಟ್‌ಮೆಂಟ್ ಕನಿಷ್ಠ ಏಳೆಂಟು ವರ್ಷ ಇಟ್ಟುಕೊಳ್ಳಿ. ಕೆಲಸ ಬಿಟ್ಟ ದಿನವೇ ಎಲ್ಲ ಇಳಿಸಿಕೊಳ್ಳಿ. ಕಂಪನಿ ಮುಚ್ಚಿದ ಮೇಲೆ ಯಾರನ್ನ ಕೇಳ್ತೀರಿ?

* ಬರಬೇಕಾದ ರೀಫಂಡ್ ಬರಲಿಲ್ಲ ಅಂದರೆ ಸುಮ್ಮನಿರಬೇಡಿ, ಯಾಕೆ ಅಂತ ವಿಚಾರಿಸಿ.

* ನೋಟಿಸ್ ಅಸಲಿಯೋ ನಕಲಿಯೋ ನೋಡಿಕೊಳ್ಳಿ. 2019ರ ಅಕ್ಟೋಬರ್ 1ರಿಂದ ಇಲಾಖೆಯ ಪತ್ರಗಳಿಗೆ ಡಿಐಎನ್ ಅನ್ನುವ ಗುರುತಿನ ಸಂಖ್ಯೆ ಇರುತ್ತೆ. ಪೋರ್ಟಲ್ಲಿನಲ್ಲಿ ಲಾಗಿನ್ ಆಗದೆಯೇ ಅದನ್ನು ಪರೀಕ್ಷಿಸಬಹುದು. ಮೆಸೇಜಿನಲ್ಲಿ ಬಂದ ಲಿಂಕ್ ಒತ್ತಿ ದುಡ್ಡು ಕಟ್ಟಬೇಡಿ.

* ತೀರಾ ಹಳೆಯ ಸಣ್ಣ ಬಾಕಿಗಳಿದ್ದರೆ ಅವು ಹೋಗಿರಲೂಬಹುದು. 2024ರ ಮಧ್ಯಂತರ ಬಜೆಟ್‌ನಲ್ಲಿ 2009-10ರವರೆಗಿನ 25,000 ರೂಪಾಯಿವರೆಗಿನ ಮತ್ತು 2010-11ರಿಂದ 2014-15ರವರೆಗಿನ 10,000 ರೂಪಾಯಿವರೆಗಿನ ಬಾಕಿ ಬೇಡಿಕೆಗಳನ್ನು ಕೈಬಿಡುವುದಾಗಿ ಸರ್ಕಾರ ಪ್ರಕಟಿಸಿತ್ತು.

* ಇನ್ನೊಂದು ಮಾತು. 2026ರ ಏಪ್ರಿಲ್ 1ರಿಂದ ಆದಾಯ ತೆರಿಗೆ ಕಾಯ್ದೆ 2025 ಜಾರಿ, ಅದರಲ್ಲಿ ಸೆಕ್ಷನ್ ನಂಬರುಗಳು ಬೇರೆ. ಹಿಂದಿನ ವರ್ಷಗಳ ವಿಷಯಕ್ಕೆ ನಾನು ಮೇಲೆ ಹೇಳಿದ ಹಳೆಯ ಕಾಯ್ದೆಯೇ ಅನ್ವಯ.

ಎಲ್ಲಕ್ಕಿಂತ ಮುಖ್ಯವಾದ್ದು, ಮನೆಯಲ್ಲಿ ಹೇಳಿ. ಇವರು ಆ ಒಂದು ವಾರ ಒಬ್ಬರೇ ನುಂಗಿಕೊಂಡು ಕೂತಿದ್ದರಲ್ಲ, ಅದರಿಂದ ಕಂತು ತಪ್ಪಿತು, ದಂಡ ಬಿತ್ತು, ಬೇರೇನೂ ಆಗಲಿಲ್ಲ. ಪೇ ಸ್ಲಿಪ್ ಬ್ಯಾಂಕಿನಲ್ಲಿದೆ ಅಂತ ನೆನಪಿದ್ದದ್ದು ನನಗೆ, ಅವರಿಗಲ್ಲ.

ಏಪ್ರಿಲ್‌ನಲ್ಲಿ ದುಡ್ಡು ಬಂದ ದಿನ ಬಳೆ ಬಿಡಿಸಿಕೊಂಡು ಬಂದೆವು. ಜೂನ್‌ನಲ್ಲಿ ಅತ್ತೆಗೆ ಕಣ್ಣಿನ ಆಪರೇಷನ್ ಆಯಿತು. ಈಗ ಹಾಲಿನ ಲೆಕ್ಕ ಬರೆಯುವ ನನ್ನ ಪುಸ್ತಕದ ಹಿಂದಿನ ಹಾಳೆಯಲ್ಲಿ ನಾಲ್ಕು ತಾರೀಖು ಬರೆದಿಟ್ಟಿದ್ದೇನೆ. ಆ ದಿನ ಊಟ ಆದ ಮೇಲೆ ನಾವಿಬ್ಬರೂ ಕೂತು 26ಎಎಸ್ ತೆರೆಯುತ್ತೇವೆ. ಇವರು ಪೇ ಸ್ಲಿಪ್ ಓದುತ್ತಾರೆ, ನಾನು ಟಿಕ್ ಹಾಕುತ್ತೇನೆ. ಹತ್ತು ನಿಮಿಷದ ಕೆಲಸ.

ನಿಮ್ಮಲ್ಲಿ ಯಾರಿಗಾದರೂ ಇಂಥ ಅನುಭವ ಆಗಿದ್ದರೆ ನೀವೂ ಬರೆಯಿರಿ. ನಮ್ಮ ವಾಟ್ಸ್ಆ್ಯಪ್ ಗ್ರೂಪಿನ ಹಾಗೆ, ಒಬ್ಬರು ಬಾಯಿ ಬಿಟ್ಟರೆ ಇನ್ನು ನಾಲ್ವರಿಗೆ ಧೈರ್ಯ ಬರುತ್ತೆ.